ಕೊನೆಯ ನಿಮಿಷದಲ್ಲಿ ನಿಲ್ಲುವ ಗಡಿಯಾರ

ನನ್ನ ಬಾಸ್ಕೆಟ್‌ಬಾಲ್ ಲೆಕ್ಕದಲ್ಲಿ ಮೂರು ವಾರಗಳಿಂದ ಕಾಡುತ್ತಿದ್ದ ತಪ್ಪು ಕಳೆದ ಭಾನುವಾರ ಬೆಳಿಗ್ಗೆ, ತಟ್ಟೆ ಇಡ್ಲಿ ತರಲು ಕ್ಯಾತ್ಸಂದ್ರಕ್ಕೆ ಹೊರಡಬೇಕಿದ್ದ ಹೊತ್ತಿಗೆ ಸರಿಯಾಗಿ ಸಿಕ್ಕಿಬಿದ್ದಿತು. ಇಡ್ಲಿ ಮುಗಿದುಹೋಗಿ ಮನೆಯಲ್ಲಿ ಉಪ್ಪಿಟ್ಟಾದದ್ದಕ್ಕೆ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ನಿಯಮಾವಳಿಯೇ ಹೊಣೆ.

ಹೊಸಬರಿಗಾಗಿ ಒಂದು ಮಾತು: ನನ್ನದು ಸಂಪೂರ್ಣವಾಗಿ ಕಾಗದದ ಮೇಲಿನ ವ್ಯಾಪಾರ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ನಾನು ಅಮೆರಿಕದ ಮುನ್ಸೂಚನಾ ಮಾರುಕಟ್ಟೆಯ (ಮುಂದೇನಾಗುತ್ತದೆ ಎಂಬ ಊಹೆಯನ್ನು ಕೊಳ್ಳುವ ಜಾಗ, ಊಹೆ ನಿಜವಾದರೆ ಒಂದು ಡಾಲರ್, ಇಲ್ಲವಾದರೆ ಸೊನ್ನೆ) ಬೆಲೆಗಳನ್ನು ಬರೆದಿಟ್ಟುಕೊಂಡು, ಪಂದ್ಯದ ಮೊದಲಾರ್ಧದ ಒಟ್ಟು ಅಂಕಗಳ ಬಗ್ಗೆ ನನ್ನ ಲೆಕ್ಕ ಏನು ಹೇಳುತ್ತದೆ ಎಂದು ಹೋಲಿಸುತ್ತೇನೆ, ಅಷ್ಟೆ. ಆದರೂ "ಅಲ್ಲೆಲ್ಲೋ ಚೆಂಡು ಬಿದ್ದರೆ ಇಲ್ಲಿ ಕಾಗದದ ಮೇಲೆ ಸಾಲಗಾರನಾಗುವ ಕರ್ಮ ನಿನಗ್ಯಾಕೋ?" ಎಂದು ಅಮ್ಮ ಕೇಳುವುದು ತಪ್ಪಿಲ್ಲ.

ತೊಂದರೆ ಇದ್ದದ್ದು ಎರಡನೆಯ ಕ್ವಾರ್ಟರಿನ (12 ನಿಮಿಷದ ಕಾಲು ಪಂದ್ಯದ) ಕೊನೆಯಲ್ಲಿ, ಅಂದರೆ ಮೊದಲಾರ್ಧ ಮುಗಿಯುವ ಹೊತ್ತಿಗೆ. ಒಂದು ಪಂದ್ಯದಲ್ಲಿ 22 ನಿಮಿಷಕ್ಕೆ ಎರಡೂ ತಂಡಗಳದು ಸೇರಿ 101 ಅಂಕಗಳಾಗಿದ್ದವು, ಲೈನ್, ಅಂದರೆ ಮೊದಲಾರ್ಧದ ಒಟ್ಟು ಅಂಕ ದಾಟುತ್ತದೋ ಇಲ್ಲವೋ ಎಂದು ಮಾರುಕಟ್ಟೆ ಇಟ್ಟ ಗೆರೆ, 111.5 ಇತ್ತು. ನಿಮಿಷಕ್ಕೆ ಸುಮಾರು 4.6 ಅಂಕಗಳಂತೆ ಉಳಿದ ಎರಡು ನಿಮಿಷಕ್ಕೆ 9 ಚಿಲ್ಲರೆ, ಒಟ್ಟು 110 ಎಂದು ನನ್ನ ಲೆಕ್ಕ ಹೇಳಿತು. ಮಾರುಕಟ್ಟೆಯಲ್ಲಿ ಓವರ್ (ಅಂಕ ಗೆರೆ ದಾಟುತ್ತದೆ ಎಂಬ ಊಹೆ) 54 ಸೆಂಟಿಗೆ, ಅಂದರೆ ನೂರಕ್ಕೆ ಸುಮಾರು 54 ಸಾಧ್ಯತೆ ಎಂಬಂತೆ, ನಡೆಯುತ್ತಿದ್ದುದರಿಂದ, ಜನ ಹುಚ್ಚರಾಗಿದ್ದಾರೆಂದು ತೀರ್ಮಾನಿಸಿ ನಾನು ಕಾಗದದ ಮೇಲೆ ಅಂಡರ್ (ದಾಟುವುದಿಲ್ಲ ಎಂಬ ಊಹೆ) ಕೊಂಡೆ. ಮೊದಲಾರ್ಧ ಮುಗಿದಾಗ ಅಂಕ 114 ಆಗಿತ್ತು. ಇದು ಒಮ್ಮೆ ಆಗಿದ್ದರೆ ಗ್ರಹಚಾರ ಎನ್ನಬಹುದಿತ್ತು. ಆದರೆ ಪಂದ್ಯದ ಮೇಲೆ ಪಂದ್ಯದಲ್ಲಿ ನನ್ನ ಲೆಕ್ಕ ಕೆಳಗೇ ಬೀಳುತ್ತಿತ್ತು.

ಮೊದಲ ಅನುಮಾನ ದತ್ತಾಂಶ ಮಾರುವವರ ಮೇಲೆ ಹೋಯಿತು. ಆರು ತಿಂಗಳ ಚಂದಾ ಒಟ್ಟಿಗೆ ಕಟ್ಟಿಸಿಕೊಂಡ ಈ ಪುಣ್ಯಾತ್ಮರು ಅಂಕಗಳನ್ನು ಅರ್ಧ ನಿಮಿಷ ತಡವಾಗಿ ಕಳಿಸುತ್ತಾರೆ, ದೂರು ಬರೆದರೆ "ನಿಮ್ಮ ಇಂಟರ್ನೆಟ್ ಪರೀಕ್ಷಿಸಿ" ಎನ್ನುತ್ತಾರೆ. ಆದರೆ ಮುಗಿದ ಪಂದ್ಯಗಳ ದಾಖಲೆಯನ್ನು ತಡವೇ ಇಲ್ಲದಂತೆ ಮತ್ತೆ ಓಡಿಸಿದಾಗಲೂ ತಪ್ಪು ಅಲ್ಲಿಯೇ ಇತ್ತು. ಬೈದದ್ದರಲ್ಲಿ ಅರ್ಧವನ್ನಾದರೂ ವಾಪಸು ಪಡೆಯಬೇಕಾಯಿತು.

ನಿಜವಾದ ಕಳ್ಳ ಗಡಿಯಾರ. ಎನ್‌ಬಿಎಯಲ್ಲಿ ಸಾಮಾನ್ಯವಾಗಿ ಬಾಸ್ಕೆಟ್ ಬಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ, ಆದರೆ ಮೊದಲ ಮೂರು ಕ್ವಾರ್ಟರುಗಳ ಕೊನೆಯ ಒಂದು ನಿಮಿಷದಲ್ಲಿ ಬಾಸ್ಕೆಟ್ ಬಿದ್ದೊಡನೆ ಅದು ನಿಲ್ಲುತ್ತದೆ. ಚೆಂಡನ್ನು ಮತ್ತೆ ಒಳಗೆ ಎಸೆಯುವವರೆಗೆ ಪೋಲಾಗುತ್ತಿದ್ದ ಸೆಕೆಂಡುಗಳೆಲ್ಲ ಆಗ ಆಟಕ್ಕೆ ಉಳಿಯುತ್ತವೆ. ಇದರ ಜೊತೆಗೆ, ಒಂದು ಕ್ವಾರ್ಟರಿನಲ್ಲಿ ತಂಡವೊಂದರ ಐದನೆಯ ಫೌಲಿಗೆ ಎದುರಾಳಿಗೆ ಸಿಗುವ ಫ್ರೀ ಥ್ರೋಗಳು (ಯಾರೂ ತಡೆಯದ ಎಸೆತಗಳು) ಕೊನೆಯ ಎರಡು ನಿಮಿಷದೊಳಗಿನ ಎರಡನೆಯ ಫೌಲಿಗೇ ಸಿಗುತ್ತವೆ, ಮತ್ತು ಫ್ರೀ ಥ್ರೋ ಎಸೆಯುವಾಗ ಗಡಿಯಾರ ಅಲುಗುವುದಿಲ್ಲ. ಮೇಲಾಗಿ ಚೆಂಡು ಸಿಕ್ಕ ಮೇಲೆ ಎಸೆಯಲು ಇರುವ 24 ಸೆಕೆಂಡಿನ ಮಿತಿಯನ್ನು ಲೆಕ್ಕ ಹಾಕಿ, ಸುಮಾರು 35 ಸೆಕೆಂಡು ಉಳಿದಿರುವಾಗಲೇ ಅವಸರದಲ್ಲಿ ಎಸೆದು, ಕೊನೆಯ ಸರದಿಯನ್ನೂ ತಮಗೇ ಉಳಿಸಿಕೊಳ್ಳುವ ತಂಡಗಳ ಜಾಣತನ ಬೇರೆ. ನಿಯಮಪುಸ್ತಕದಲ್ಲಿ ಇದೆಲ್ಲ ಮುದ್ರಿತವಾಗಿದೆ. ಓದಬೇಕಾದವನು ಎಕ್ಸೆಲ್ ಹಾಳೆಗೆ ಬಣ್ಣ ಬಳಿಯುತ್ತಿದ್ದ.

ಆದ್ದರಿಂದ ನಿಮಿಷಗಳನ್ನು ಬಿಟ್ಟು ಚೆಂಡಿನ ಸರದಿಗಳನ್ನೇ (ಚೆಂಡು ಒಂದು ತಂಡದ ಕೈ ಸೇರಿದಾಗಿನಿಂದ ಎದುರಾಳಿಗೆ ಹೋಗುವವರೆಗೆ ಒಂದು ಸರದಿ) ಎಣಿಸತೊಡಗಿದೆ. ಎಸೆತಗಳಿಂದ ಆಕ್ರಮಣದ ರೀಬೌಂಡ್ (ಗುರಿ ತಪ್ಪಿದ ಚೆಂಡು ಅದೇ ತಂಡಕ್ಕೆ ಮರಳಿ ಸಿಗುವುದು) ಕಳೆದು, ಟರ್ನೋವರ್ (ಎಸೆಯದೆಯೇ ಚೆಂಡು ಕಳೆದುಕೊಳ್ಳುವುದು) ಮತ್ತು ಫ್ರೀ ಥ್ರೋಗಳ 0.44 ಪಟ್ಟು ಕೂಡುವ ಹಳೆಯ ಸೂತ್ರವೇ ಸಾಕು. ಕೊನೆಯ ಎರಡು ನಿಮಿಷಕ್ಕೆ ಮಾತ್ರ ಪ್ರತಿ ಸರದಿಯ ಅವಧಿಯನ್ನು ಬೇರೆಯಾಗಿ ಅಂದಾಜಿಸಿದೆ. ಲೆಕ್ಕ ಈಗ ಒಂದೇ ದಿಕ್ಕಿಗೆ ವಾಲುವುದಿಲ್ಲ.

ಸಂತೋಷ ಉಪ್ಪಿಟ್ಟು ಆರುವಷ್ಟು ಹೊತ್ತು ಮಾತ್ರ ಉಳಿಯಿತು. ತಿದ್ದಿದ ಲೆಕ್ಕದಲ್ಲಿ ಅದೇ ಪಂದ್ಯದ ಓವರ್ 53 ಸೆಂಟು ಬರುತ್ತದೆ. ಅಂದರೆ ಹುಚ್ಚರೆಂದು ನಾನು ಭಾವಿಸಿದ ಜನರಿಗೆ ಈ ವಿಷಯ ಮೊದಲೇ ತಿಳಿದಿತ್ತು, ಮತ್ತು ಅವಕಾಶವೆಂದು ನಾನು ಗುರುತು ಹಾಕಿಟ್ಟಿದ್ದೆಲ್ಲ ನನ್ನದೇ ತಪ್ಪಿನ ನೆರಳು. ಉಳಿದ ಒಂದು ಸೆಂಟಿನ ವ್ಯತ್ಯಾಸವನ್ನು ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರವೇ ನುಂಗಿಹಾಕುತ್ತದೆ.

ಈ ಸರದಿಯ ಲೆಕ್ಕ ಕಬಡ್ಡಿಗೆ ಇನ್ನೂ ಚೆನ್ನಾಗಿ ಹೊಂದೀತು ಎಂದು ರಾತ್ರಿಯೆಲ್ಲ ಅನ್ನಿಸುತ್ತಿತ್ತು: ಅಲ್ಲಿ ಮೊದಲಾರ್ಧ 20 ನಿಮಿಷ, ರೈಡಿಗೆ 30 ಸೆಕೆಂಡು, ಸತತ ಎರಡು ಖಾಲಿ ರೈಡುಗಳ ನಂತರ ಮೂರನೆಯದು ಮಾಡು ಇಲ್ಲವೇ ಮಡಿ. ಹಾಳೆಯೊಂದನ್ನು ತೆರೆದು ಹೆಸರಿಟ್ಟೂ ಆಗಿದೆ. ಅದಕ್ಕೆ ಮುನ್ನ ಬಾಸ್ಕೆಟ್‌ಬಾಲಿನ ಮೊದಲ ಕ್ವಾರ್ಟರಿನ ಕೊನೆಯ ನಿಮಿಷವನ್ನೂ ಇದೇ ರೀತಿ ತಿದ್ದಬೇಕು, ಏಕೆಂದರೆ ಅಲ್ಲಿಯೂ ಗಡಿಯಾರ ನಿಲ್ಲುತ್ತದೆ, ನನ್ನ ಕೋಡಿನಲ್ಲಿ ಮಾತ್ರ ಇನ್ನೂ ಓಡುತ್ತಿದೆ.