ಒತ್ವಕ್ಕೊಂದು ಪರೀಕ್ಷೆ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಕುಳಿತು, ಮಂಡ್ಯದ ಗೆಳೆಯರೊಬ್ಬರೊಂದಿಗೆ ಬಿಡುವಿನ ವೇಳೆಯಲ್ಲಿ ಬೆಳೆಸುತ್ತಿರುವ, ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಮುಕ್ತ ತಂತ್ರಾಂಶಕ್ಕೆ ಕಳೆದ ವಾರ ನಿರಂತರ ಸ್ವಯಂಚಾಲಿತ ಪರೀಕ್ಷೆಯನ್ನು ಅಳವಡಿಸಿದೆ. ಕೋಡ್ ಇರಿಸುವ ಗಿಟ್‌ಹಬ್ ಜಾಲತಾಣದಲ್ಲಿ ಇಂಥ ಪರೀಕ್ಷೆಗಳನ್ನು ನಡೆಸಿಕೊಡುವ ಗಿಟ್‌ಹಬ್ ಆಕ್ಷನ್ಸ್ ಸೇವೆ ಸಾರ್ವಜನಿಕ ಯೋಜನೆಗಳಿಗೆ ಉಚಿತ. ಏನೇನು ನಡೆಯಬೇಕೆಂಬ ಸೂಚನೆಗಳ ಒಂದು ಯಾಮಲ್ ಕಡತ ಬರೆದಿಟ್ಟರೆ, ನಾವು ಹೊಸ ಕೋಡ್ ಸೇರಿಸಿದಾಗಲೆಲ್ಲ ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಪರೀಕ್ಷೆಗಳು ತಾವಾಗಿಯೇ ನಡೆಯುತ್ತವೆ.

ಮೊದಲ ಸಲವೇ ವಿಂಡೋಸ್‌ನಲ್ಲಿ ಪರೀಕ್ಷೆ ಸೋತು ಕೆಂಪು ಗುರುತು ಬಂತು. ಪೈಥಾನ್ ಭಾಷೆಯ ನಮ್ಮ ಕೋಡ್‌ನಲ್ಲಿ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಅಂಕಿಗಳಾಗಿ ಉಳಿಸಿರುವ ಬಗೆ, ಯಾವುದೆಂದು ಸೂಚಿಸದೆ ಕಡತವನ್ನು ತೆರೆದಿದ್ದೆ. ಲಿನಕ್ಸ್ ಅದನ್ನು ಕಡತದಲ್ಲಿದ್ದ ಯುಟಿಎಫ್-8 ಬಗೆಯಲ್ಲೇ ಓದಿದರೆ, ವಿಂಡೋಸ್ ತನ್ನ ಹಳೆಯ ಸಂಕೇತಪಟ್ಟಿಯ ಮೂಲಕ ಓದಹೊರಟು ಕೊಂಬಿನ ಅಕ್ಷರದಲ್ಲೇ ಎಡವಿತ್ತು. ಅದು ಒಂದು ಸಾಲಿನಲ್ಲಿ ಸರಿಹೋಯಿತು.

ನನ್ನನ್ನು ಹೆಚ್ಚು ಕಾಡಿದ್ದು ಗೆಳೆಯರು ಕಳುಹಿಸಿದ ಪದಪಟ್ಟಿಯಿಂದ ಬಯಲಾದ ಎರಡನೆಯ ದೋಷ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ಒತ್ವದ ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಮಾತ್ರ ಬೇರೆ ಬೇರೆ. ಹೀಗಾಗಿ ‘ಕೊಡಗು’ ನಮ್ಮ ಪಟ್ಟಿಯಲ್ಲಿ ಎರಡು ಕಡೆ ಕುಳಿತಿತ್ತು. ಕಾಗುಣಿತ ಕಲಿತ ಯಾರಿಗೂ ಇದು ಒಪ್ಪುವ ಮಾತಲ್ಲ. ಈಗ ಪ್ರತಿ ಪದವನ್ನೂ ಮೊದಲು ಎನ್‌ಎಫ್‌ಸಿ ಎಂಬ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ ತರುತ್ತೇವೆ, ಮತ್ತು ಆ ‘ಕೊಡಗು’ ಎರಡೂ ರೂಪಗಳಲ್ಲಿ ನಮ್ಮ ಪರೀಕ್ಷೆಯೊಳಗೇ ಇದೆ.