ಯಾರಿಗೂ ಹೇಳಲ್ಲ ಅಂದುಬಿಟ್ಟೆ

ಶನಿವಾರದಿಂದ ತಲೆಯಲ್ಲಿ ಇದೊಂದೇ ಸುತ್ತುತ್ತಿದೆ. "ಅಕ್ಕ, ಯಾರ್ಗೂ ಹೇಳಲ್ಲ ಅಂದ್ರೆ ಒಂದ್ ಮಾತ್ ಹೇಳ್ಲಾ?" ಅಂತ ಅವಳು ಕೇಳಿದಳು. "ಹೇಳು ಪುಟ್ಟಿ, ಯಾರಿಗೂ ಹೇಳಲ್ಲ" ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟೆ.

ನಾವು ಏಳೆಂಟು ಜನ ಶನಿವಾರ ಮೈಸೂರಿನಿಂದ ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡಲು ಹೋಗುತ್ತೇವೆ. ಯಾವ ಊರು ಅಂತ ಕೇಳಬೇಡಿ. ಮಗುವಿನ ಗುರುತು ಸಿಗಬಾರದು, ಕಾನೂನೂ ಹಾಗೇ ಹೇಳುತ್ತದೆ. ಆವತ್ತು ಶೂ ಡಬ್ಬದಲ್ಲಿ ಪಿನ್‌ಹೋಲ್ ಕ್ಯಾಮೆರಾ ಮಾಡಿಸುತ್ತಿದ್ದೆವು. ಒಂದು ಕಡೆ ಸೂಜಿ ತೂತು, ಇನ್ನೊಂದು ಕಡೆ ಬಟರ್ ಪೇಪರ್. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದರೆ ಪೇಪರಿನ ಮೇಲೆ ಅದು ತಲೆಕೆಳಗಾಗಿ ಹೋಗುತ್ತದೆ, ಮಕ್ಕಳೆಲ್ಲ ಹೋ ಅಂತ ಕೂಗುತ್ತಾರೆ. ಇವಳು ಮಾತ್ರ ಬಟರ್ ಪೇಪರನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. ಒಂಬತ್ತನೇ ಕ್ಲಾಸು. ಯಾವಾಗಲೂ ಮೊದಲು ಕೈ ಎತ್ತುವ ಹುಡುಗಿ.

ನಮ್ಮ ತಂಡದವನೇ ಒಬ್ಬ ಅವಳಿಗೆ ಮೆಸೇಜ್ ಮಾಡುತ್ತಿದ್ದ. ಶುರುವಾಗಿದ್ದು ಬೆಳಕಿನ ಪಾಠದ ಡೌಟಿನಿಂದ. ಆಮೇಲೆ ಊಟ ಆಯ್ತಾ. ಆಮೇಲೆ ರಾತ್ರಿ ಹನ್ನೊಂದೂಕಾಲಿಗೆ, ಮಲಗಿದ್ಯಾ. ನೀನು ಬೇರೆ ಹುಡುಗೀರ ಥರ ಅಲ್ಲ, ನಿಂಗೆ ಬುದ್ಧಿ ಜಾಸ್ತಿ. ಓದಿ ಡಿಲೀಟ್ ಮಾಡ್ಬಿಡು. ಹೋದ ವಾರ, ಒಂದು ಫೋಟೋ ಕಳ್ಸು, ಯಾರಿಗೂ ತೋರ್ಸಲ್ಲ. ಅವಳು ಕಳಿಸಿಲ್ಲ. ಫೋನು ಅಮ್ಮನದು, ಅಮ್ಮನಿಗೆ ಓದಲು ಬರಲ್ಲ, ಅದು ಅವನಿಗೂ ಗೊತ್ತು. "ನಮ್ಮಪ್ಪಂಗೆ ಗೊತ್ತಾದ್ರೆ ಸ್ಕೂಲೇ ಬುಡುಸ್ಬುಡ್ತರೆ ಅಕ್ಕ" ಅಂದಳು. ಅವಳ ಭಯ ಅವನದ್ದಲ್ಲ, ಅಪ್ಪನದ್ದು.

ವಾಪಸ್ ಬರುವಾಗ ಬಸ್ಸು ಕಾವೇರಿ ಸೇತುವೆ ದಾಟುತ್ತಿತ್ತು, ಆಗ ಹೊಳೆಯಿತು. ಅವನು ಯಾರಿಗೂ ತೋರ್ಸಲ್ಲ ಅಂದಿದ್ದಾನೆ. ನಾನು ಯಾರಿಗೂ ಹೇಳಲ್ಲ ಅಂದಿದ್ದೇನೆ. ಇಬ್ಬರೂ ದೊಡ್ಡವರು, ಇಬ್ಬರೂ ಅವಳ ತಲೆ ಮೇಲೆ ಒಂದೊಂದು ಗುಟ್ಟು ಹೊರಿಸಿ ಬಸ್ಸು ಹತ್ತಿದವರು.

ನನಗೆ ಕಾನೂನು ಗೊತ್ತಿಲ್ಲದೆ ಏನಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು ಪೋಕ್ಸೋ, ಬಂದಿದ್ದು 2012ರಲ್ಲಿ. 18 ತುಂಬದವರೆಲ್ಲ ಅದರಲ್ಲಿ ಮಕ್ಕಳೇ. ಕೆಟ್ಟ ಉದ್ದೇಶ ಇಟ್ಟುಕೊಂಡು ಮಗುವಿಗೆ ಮತ್ತೆ ಮತ್ತೆ ಮೆಸೇಜ್ ಮಾಡುವುದೂ ಅದರ ಪ್ರಕಾರ ಕಿರುಕುಳವೇ. ಇಂಥದ್ದು ಆಗಿದೆ ಅಂತ ಗೊತ್ತಾದವರು, ಆಗಬಹುದು ಅಂತ ಅನಿಸಿದವರೂ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲಿದೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇಷ್ಟೆಲ್ಲ ಗೊತ್ತಿದ್ದವಳು ಆ ಮಗುವಿಗೆ "ನಿನ್ನ ಮಾತು ಪೂರ್ತಿ ಕೇಳ್ತೀನಿ, ಆದ್ರೆ ನಿಂಗೆ ತೊಂದ್ರೆ ಆಗೋ ವಿಷಯ ಆದ್ರೆ ಸಹಾಯ ಮಾಡೋರಿಗೆ ಹೇಳ್ಬೇಕಾಗುತ್ತೆ" ಅನ್ನಬಹುದಿತ್ತಲ್ವಾ? ಅಂದಿದ್ದರೆ ಅವಳು ಬಾಯಿ ಬಿಡುತ್ತಿದ್ದಳೋ ಇಲ್ಲವೋ, ಅದೂ ಒಂದು ಪ್ರಶ್ನೆ.

ರಾತ್ರಿಯೇ ತಂಡ ನಡೆಸುವವರಿಗೆ ಫೋನ್ ಮಾಡಿದೆ. "ಒಳ್ಳೆ ಮನೆತನದ ಹುಡುಗ ಮೇಡಂ, ಸುಮ್ನೆ ದೊಡ್ಡದು ಮಾಡ್ಬೇಡಿ, ನಾನು ಕರೆದು ಬುದ್ಧಿ ಹೇಳ್ತೀನಿ" ಅಂದರು. ಕೆಟ್ಟವರಲ್ಲ ಪಾಪ, ಅದೇ ಕಷ್ಟ. ಬುದ್ಧಿ ಹೇಳಿಸಿಕೊಂಡವನು ಮುಂದಿನ ತಿಂಗಳು ಇನ್ನೊಂದು ಶಾಲೆಗೆ ಹೋಗುತ್ತಾನೆ ಅಷ್ಟೇ. ಭಾನುವಾರ 1098ಕ್ಕೆ ಫೋನ್ ಮಾಡಿದೆ. ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಮೆಸೇಜ್ ಯಾವುದನ್ನೂ ಅಳಿಸಬೇಡಿ ಅಂದರು. ಸೋಮವಾರ ಹೆಡ್ ಮೇಷ್ಟ್ರಿಗೆ ಹೇಳಿದೆ. ಬಿಳಿ ಹಾಳೆ ತೆಗೆದು ನನ್ನೆದುರೇ ದೂರು ಬರೆದರು, ಒಂದು ಮಾತೂ ಜಾಸ್ತಿ ಆಡಲಿಲ್ಲ. ಅವರ ಬಗ್ಗೆ ಮುಂಚೆ ಸಿಡುಕ ಅಂದುಕೊಂಡಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ. ಅವಳ ನಂಬರು ಅವನಿಗೆ ಸಿಕ್ಕಿದ್ದು ನಾನು ಮಾಡಿದ ವಾಟ್ಸಾಪ್ ಗ್ರೂಪಿನಿಂದ. 31 ಮನೆಯ ನಂಬರು, ಎಲ್ಲರಿಗೂ ಕಾಣುವ ಹಾಗೆ. ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ ಏನೋ ದೊಡ್ಡ ಜಾಣತನ ಮಾಡಿದೆ ಅಂದುಕೊಂಡಿದ್ದೆ, ಅದರಿಂದ ನಂಬರೇನು ಮುಚ್ಚಿಹೋಗಲ್ಲ. ಮೊನ್ನೆ ಗ್ರೂಪ್ ಅಳಿಸಿದೆ. ಫೋನುಗಳಲ್ಲಿ ಸೇವ್ ಆಗಿರುವ ನಂಬರುಗಳನ್ನು ಯಾರು ಅಳಿಸುತ್ತಾರೆ?

ಮಂಗಳವಾರ ರಜೆ ಹಾಕಿ ಅವಳಿಗೆ ನಾನೇ ಹೇಳಲು ಹೋದೆ. ಹುಣಸೆ ಮರದ ಕೆಳಗೆ ಕೂತಿದ್ದೆವು. ಪೊಲೀಸ್ನೋರು ಮನೆಗೆ ಬತ್ತರಾ ಅಂದಳು. ಯೂನಿಫಾರಂ ಹಾಕ್ಕೊಂಡು ಬರೋ ಹಾಗಿಲ್ಲ, ಮಾತಾಡೋಕೆ ಆದಷ್ಟೂ ಹೆಂಗಸರೇ ಬರ್ತಾರೆ, ಅಮ್ಮ ಪಕ್ಕದಲ್ಲೇ ಇರಬಹುದು ಅಂದೆ. ಅಪ್ಪನ ಹತ್ತಿರ ಹೆಡ್ ಮೇಷ್ಟ್ರು ಮಾತಾಡ್ತಾರೆ ಅಂದೆ. ತುಂಬ ಹೊತ್ತು ನೆಲ ಕೆರೆಯುತ್ತಾ ಕೂತಿದ್ದಳು.

"ಯಾರ್ಗೂ ಹೇಳಲ್ಲ ಅಂದಿದ್ರಿ."

"ಹೌದು ಪುಟ್ಟಿ. ಹಾಗೆ ಅಂದಿದ್ದು ತಪ್ಪು."

"ಶನಿವಾರ ಭೂತಗನ್ನಡಿ ತತ್ತೀನಿ ಅಂದಿದ್ರಲ್ಲ, ಅದ್ನಾದ್ರೂ ತತ್ತೀರಾ?"

ತರ್ತೀನಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ.