ಐದು ಸಾವಿರ ಕಿಲೋಮೀಟರ್ ಮತ್ತು ಒಂದು ಶನಿವಾರ

ಗ್ಲೋಬ್ ಮೇಲೆ ದಾರ ಇಟ್ಟು ದೂರ ಅಳೆಯುವುದು ನನಗೆ ಚಿಕ್ಕಂದಿನಿಂದಲೂ ಇಷ್ಟ. ಈಗಿರುವುದು ಮಗಳ ಗ್ಲೋಬ್, 30 ಸೆಂಟಿಮೀಟರ್ ಅಗಲದ್ದು. ಅದರ ಮೇಲೆ ಒಂದು ಸೆಂಟಿಮೀಟರ್ ಅಂದರೆ ಭೂಮಿಯ ಮೇಲೆ ಸುಮಾರು 425 ಕಿ.ಮೀ.

ಹೋದ ವಾರ ನೀಲಿ ದಾರದ ಒಂದು ತುದಿಯನ್ನು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮೇಲಿಟ್ಟೆ. ಅಲ್ಲಿನ ವಿಮಾನ ನಿಲ್ದಾಣದ ಹೆಸರು ಮಾತವೇರಿ. ಇನ್ನೊಂದು ತುದಿ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿರುವ ಮೌಂಟ್ ಪ್ಲೆಸೆಂಟ್ ವಿಮಾನ ನಿಲ್ದಾಣದ ಮೇಲೆ. ಬಿಗಿಯಾಗಿ ಎಳೆದೆ. 12 ಸೆಂಟಿಮೀಟರ್‌ಗೆ ಚೂರು ಕಡಿಮೆ. ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಬಂದದ್ದು ಸುಮಾರು 5,020 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಈ ದಾರಿ ಸಿಗುವುದಿಲ್ಲ. ಬಿಗಿದ ದಾರ ದಕ್ಷಿಣಕ್ಕೆ ಬಾಗಿ, ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾದ ಮೇಲೆ ಹಾದು ಹೋಗುತ್ತದೆ.

ಗಂಟೆಗೆ 850 ಕಿ.ಮೀ. ವೇಗ ಅಂದುಕೊಂಡರೆ ಆರು ಗಂಟೆಯ ಹಾರಾಟ. ದೂರ ಲೆಕ್ಕ ಹಾಕುವ ಯಂತ್ರಗಳೆಲ್ಲ ಹೇಳುವುದು ಇಷ್ಟನ್ನೇ. ಆದರೆ ಆ ಗೆರೆಯ ಮೇಲೆ ಯಾವ ವಿಮಾನವೂ ಓಡಾಡುವುದಿಲ್ಲವಲ್ಲ!

ಹೋಗಲೇಬೇಕು ಅಂದರೆ ಮೊದಲು ಚಿಲಿಯ ರಾಜಧಾನಿ ಸಾಂಟಿಯಾಗೋಗೆ ಬರಬೇಕು. 3,750 ಕಿ.ಮೀ. ಬರುವಾಗ ಐದು ಗಂಟೆಯೊಳಗೇ ಮುಗಿಯುತ್ತದೆ, ಸಾಂಟಿಯಾಗೋದಿಂದ ದ್ವೀಪಕ್ಕೆ ಹೋಗುವಾಗ ಐದೂವರೆ ಗಂಟೆ ಹತ್ತಿರ. ಅಲ್ಲಿ ಮೇಲೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅದೇ ದೂರ, ಅದೇ ವಿಮಾನ, ಸಮಯ ಮಾತ್ರ ಬೇರೆ. ಈ ಲೆಕ್ಕ ನನಗೆ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಸಾಂಟಿಯಾಗೋದಿಂದ ದಕ್ಷಿಣಕ್ಕೆ ಪುಂಟಾ ಅರೆನಾಸ್, ಮೂರೂವರೆ ಗಂಟೆ. ಅಲ್ಲಿಂದ ಮೌಂಟ್ ಪ್ಲೆಸೆಂಟ್‌ಗೆ ಇನ್ನೊಂದು ಒಂದೂವರೆ ಗಂಟೆ. ಈ ದಾರಿಯಲ್ಲಿ ದಾರ ಇಟ್ಟರೆ 16 ಸೆಂಟಿಮೀಟರ್ ಬೇಕು, ಅಂದರೆ 6,800 ಕಿ.ಮೀ. ಆಕಾಶದಲ್ಲಿ ಕಳೆಯುವುದು ಹತ್ತು ಗಂಟೆ.

“ಹಾಗಾದ್ರೆ ಹತ್ತು ಗಂಟೆ ಅಂತ ಬರೀಲಾ ಅಪ್ಪಾ?” ಅಂದಳು ಮಗಳು.

ಬೇಡ ಅಂದೆ. ಚಿಲಿ ಕಡೆಯಿಂದ ಫಾಕ್‌ಲ್ಯಾಂಡ್‌ಗೆ ಹೋಗುವ ವಿಮಾನ ವಾರಕ್ಕೆ ಒಂದೇ, ಶನಿವಾರ. ಶುಕ್ರವಾರ ರಾತ್ರಿಯೊಳಗೆ ಸಾಂಟಿಯಾಗೋ ಸೇರಿದವರು ಮರುದಿನ ತಲುಪುತ್ತಾರೆ. ಶನಿವಾರ ಮಧ್ಯಾಹ್ನ ಈಸ್ಟರ್ ದ್ವೀಪ ಬಿಟ್ಟವರಿಗೆ ಇನ್ನೊಂದು ಶನಿವಾರದವರೆಗೆ ಕಾಯದೆ ಬೇರೆ ದಾರಿ ಇಲ್ಲ. ಕೆಲವೇ ಗಂಟೆ ತಡವಾದದ್ದಕ್ಕೆ ಒಂದು ವಾರ! ಅಲ್ಲಿ ಮನೆ ಇರುವವರಿಗೆ, ಯಾರನ್ನೋ ನೋಡಲು ತುರ್ತಾಗಿ ಹೊರಟವರಿಗೆ ಆ ವಾರ ಎಷ್ಟು ಉದ್ದ ಅನ್ನಿಸಬಹುದು ಅಂತ ಯೋಚಿಸುತ್ತಲೇ ಇದ್ದೇನೆ. ಕಿಲೋಮೀಟರ್ ಪಕ್ಕದಲ್ಲಿ ವಾರದ ದಿನವನ್ನೂ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಮೌಂಟ್ ಪ್ಲೆಸೆಂಟ್ ಸುತ್ತ ಗಾಳಿಯೂ ಜಾಸ್ತಿ. ಬೆಟ್ಟ ದಾಟಿ ಬರುವ ಗಾಳಿ ರನ್‌ವೇ ಮೇಲೆ ಸುಳಿ ಸುತ್ತಿದರೆ ಆ ಒಂದು ವಿಮಾನವೂ ಇಳಿಯುವುದು ಕಷ್ಟ.

ಇಳಿದ ಮೇಲೂ ಊರು ಸಿಗುವುದಿಲ್ಲ. ಈಸ್ಟರ್ ದ್ವೀಪದಲ್ಲಾದರೆ ಮಾತವೇರಿ ಹಂಗಾ ರೋವಾ ಊರಿನ ಅಂಚಿನಲ್ಲೇ ಇದೆ, ನಡೆದೇ ಹೋಗಬಹುದು. ಆದರೆ ಮೌಂಟ್ ಪ್ಲೆಸೆಂಟ್ 1985ರಲ್ಲಿ ಶುರುವಾದ ಸೇನಾ ವಿಮಾನ ನಿಲ್ದಾಣ. ಅಲ್ಲಿಂದ ಫಾಕ್‌ಲ್ಯಾಂಡ್‌ನ ರಾಜಧಾನಿ ಸ್ಟ್ಯಾನ್ಲಿಗೆ ಸುಮಾರು 55 ಕಿ.ಮೀ., ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನಮ್ಮ ಗ್ಲೋಬ್‌ನಲ್ಲಿ ಅದು ಒಂದು ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ದಾರದ ತುದಿಗೆ ಮಗಳು ಹಾಕಿದ ಗಂಟಿನ ಕೆಳಗೆ ಆ ರಸ್ತೆ ಪೂರ್ತಿ ಮುಚ್ಚಿಹೋಗಿತ್ತು.